ಇಪ್ಪತ್ತೈದು ಕುದುರೆ, ಒಂದು ಬೈಟು ಟೀ

ಮೊದಲೇ ಹೇಳಿಬಿಡ್ತೀನಿ... ನನಗೆ ಪಜಲ್ ಅಂದ್ರೆ ಪ್ರಾಣ. ಆದ್ರೆ ಇಂಟರ್‌ವ್ಯೂನಲ್ಲಿ ಕೂತು ಪಜಲ್ ಕೇಳೋರನ್ನ ಕಂಡ್ರೆ ಮೈ ಉರಿಯುತ್ತೆ. ಎರಡೂ ಹೇಗ್ರೀ ಒಟ್ಟಿಗೆ ಅಂತೀರಾ? ಹೋಳಿಗೆ ಇಷ್ಟ ಅಂತ ಹೋಳಿಗೇನೇ ತಲೆದಿಂಬು ಮಾಡ್ಕೊಂಡು ಮಲಗೋಕಾಗುತ್ತಾ? ಹಾಗೇ ಇದೂ.

ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೋತಿದ್ದೆ. ಸೋಮಾರಿತನ. ಹೋದ ತಿಂಗಳು ಫ್ರೆಶರ್‌ಗಳನ್ನ ತಗೊಳ್ಳೋ ಇಂಟರ್‌ವ್ಯೂ ಪ್ಯಾನಲ್‌ನಲ್ಲಿ ನನ್ನನ್ನೂ ಕೂರಿಸಿದ್ರು. ಅಲ್ಲಿ ನಡೆದದ್ದನ್ನ ನೋಡಿದ ಮೇಲೆ ಸುಮ್ಮನಿರೋಕೆ ಆಗ್ತಿಲ್ಲ. ಆ ಕಥೆ ಆಮೇಲೆ ಹೇಳ್ತೀನಿ, ಮೊದಲು ನಮ್ಮ ಹರಟೆ ಬಗ್ಗೆ ನಾಲ್ಕು ಮಾತು.

ನಮ್ಮ ಆಫೀಸಿನ ಗೇಟ್ ದಾಟಿದ ಕೂಡಲೇ ಒಂದು ಟೀ ಅಂಗಡಿ ಇದೆ. ಮೇಲೆ ಏಳನೇ ಮಹಡಿಯಲ್ಲಿ ಪುಕ್ಕಟೆ ಕಾಫಿ ಮೆಷಿನ್ ಇದ್ರೂ ನಾಲ್ಕೂವರೆ ಆಯ್ತು ಅಂದ್ರೆ ಎಲ್ಲರೂ ದುಡ್ಡು ಕೊಟ್ಟು ಬೈಟು ಟೀ ಕುಡಿಯೋಕೆ ಕೆಳಗೇ ಇಳೀತೀವಿ. ಅಲ್ಲಿ ಮ್ಯಾನೇಜರ್ ಇರಲ್ಲ, ಟಿಕೆಟ್ ನಂಬರ್ ಇರಲ್ಲ, ನಿಪ್ಪಟ್ಟು ಇರುತ್ತೆ. ನಾವು ಐದು ಜನ ಖಾಯಂ ಗಿರಾಕಿಗಳು. ಧಾರವಾಡ ಕಡೆಯವನೊಬ್ಬ, ಪುತ್ತೂರಿನವನೊಬ್ಬ, ಮಂಡ್ಯದವನೊಬ್ಬ (ಇವನಿಗೆ ಟೀಗಿಂತ ಬನ್ನೇ ಮುಖ್ಯ), ಹೊಸದಾಗಿ ಸೇರಿರೋ ಶಿವಮೊಗ್ಗದ ಹುಡುಗಿ, ಮತ್ತೆ ನಾನು. ಮಾತು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಂದ ಶುರುವಾಗಿ, ಅಪ್ರೈಸಲ್‌ಗೆ ಬಂದು, ಅಲ್ಲಿ ಎಲ್ಲರ ಮುಖ ಸಪ್ಪಗಾಗಿ, ಕೊನೆಗೆ ಯಾವುದಾದ್ರೂ ಒಗಟಿನ ಹತ್ರ ಬಂದು ನಿಲ್ಲುತ್ತೆ.

ಒಂದಿನ ಧಾರವಾಡದವನು ಬಂದವನೇ, "27994681ನ್ನ 441ರಿಂದ ಗುಣಿಸಿದ್ರ ಏನ್ ಬರತೈತಿ ಹೇಳ್ರಿಲೇ" ಅಂದ. ಇದೇನು ಮಹಾ ಅಂತ ಫೋನಿನ ಕ್ಯಾಲ್ಕುಲೇಟರ್ ತೆಗೆದು ಒತ್ತಿದ್ವಿ. 12345654321! ಆ ಕಡೆಯಿಂದ ಓದಿದ್ರೂ ಅದೇ, ಈ ಕಡೆಯಿಂದ ಓದಿದ್ರೂ ಅದೇ. ಯಾರು ಕಂಡುಹಿಡಿದಿದ್ದು ಇದನ್ನ ಅಂದ್ರೆ, ಮಹಾವೀರಾಚಾರ್ಯ ಅಂದ. 9ನೇ ಶತಮಾನದವರು, ನೃಪತುಂಗ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದವರು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಇಂಥ ಗುಣಾಕಾರಗಳನ್ನ ಅವರು ಕೊರಳಿನ ಹಾರಕ್ಕೆ ಹೋಲಿಸಿದ್ದಾರಂತೆ. ಹೋಲಿಕೆ ಎಷ್ಟು ಚೆಂದ ಅಲ್ವಾ? ಹಾರಕ್ಕೆ ಎಡ ಯಾವುದು, ಬಲ ಯಾವುದು!

ಅಷ್ಟರಲ್ಲಿ ಪುತ್ತೂರಿನವನು ತಣ್ಣಗೆ, "ಅದನ್ನ ಒಂದು ಇಂಟ್‌ನಲ್ಲಿ ಹಾಕಿ ನೋಡು ಮಾರಾಯ, ಹಾರ ಕಡಿದು ಹೋಗ್ತದೆ" ಅಂದ. ನಿಜ! ಮೂವತ್ತೆರಡು ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸೋದು 2147483647 ತನಕ ಮಾತ್ರ. ಜಾವಾದಲ್ಲಿ ಎರಡನ್ನೂ ಇಂಟ್ ಮಾಡಿ ಗುಣಿಸಿದ್ರೆ -539247567 ಬರುತ್ತೆ. ಮಹಾವೀರಾಚಾರ್ಯರು ಪೋಣಿಸಿದ ಹಾರ ಮೈನಸ್ ಆಗಿ ಕೈಗೆ ಬಂತು. ಶಿವಮೊಗ್ಗದ ಹುಡುಗಿ "ಎರಡೂ ಪ್ಲಸ್ಸು, ಗುಣಿಸಿದ್ರೆ ಮೈನಸ್ ಯಾಕೆ ಬರ್ಬೇಕು?" ಅಂದ್ಲು. ನಿಪ್ಪಟ್ಟು ಕಟ್ಟಿಕೊಟ್ಟಿದ್ದ ಪೇಪರ್ ಮೇಲೆ ಬಿಟ್‌ಗಳನ್ನ ಬರೆದು, ತುಂಬಿ ಹೊರಗೆ ಚೆಲ್ಲಿದ್ದು ಎಲ್ಲಿ ಹೋಗುತ್ತೆ, ಮೊದಲನೇ ಬಿಟ್ ಒಂದಾದ್ರೆ ಏನಾಗುತ್ತೆ ಅಂತ ಹತ್ತು ನಿಮಿಷದಲ್ಲಿ ಮುಗಿಸಿದ್ವಿ. ಟೂಸ್ ಕಾಂಪ್ಲಿಮೆಂಟ್ ಅನ್ನೋದನ್ನ ಪರೀಕ್ಷೆಗೆ ಬರೆದು ಪಾಸಾಗಿದ್ದೆ, ಅರ್ಥ ಆಗಿದ್ದು ಇವತ್ತು ಅಂದ್ಲು. ಅವಳೊಬ್ಬಳೇ ಅಲ್ಲ ಬಿಡಿ, ನಮ್ಮಲ್ಲಿ ಬಹಳ ಜನರ ಕಥೆ ಅದೇ.

ಅಲ್ಲಿಂದ ಮಾತು ಬೋಯಿಂಗ್ ವಿಮಾನಕ್ಕೆ ಹಾರಿತು. 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಒಂದು ಆದೇಶ ಹೊರಡಿಸಿತ್ತು. ಬೋಯಿಂಗ್ 787 ವಿಮಾನದ ಕರೆಂಟನ್ನ 248 ದಿನ ಆರಿಸದೇ ಇಟ್ರೆ ಅದರ ಜನರೇಟರ್ ನಿಯಂತ್ರಿಸೋ ಘಟಕಗಳೆಲ್ಲ ಒಟ್ಟಿಗೆ ಕೈಕೊಡಬಹುದು, ಅದಕ್ಕೇ ಆಗಾಗ ಆಫ್ ಮಾಡಿ ಆನ್ ಮಾಡಿ ಅಂತ. (ನಮ್ಮ ಐಟಿ ಸಪೋರ್ಟ್‌ನವರು ಹೇಳೋದೂ ಅದನ್ನೇ ತಾನೇ :-) ) 248 ಯಾಕೆ, 250 ಯಾಕಲ್ಲ? ಮಂಡ್ಯದವನು ಬನ್ ತಿಂತಾನೇ ಲೆಕ್ಕ ಹಾಕಿದ. ಸೆಕೆಂಡಿನ ನೂರನೇ ಒಂದು ಭಾಗವನ್ನ ಒಂದೊಂದಾಗಿ ಎಣಿಸ್ತಾ ಹೋದ್ರೆ ಅದೇ 2147483647 ಮುಟ್ಟೋಕೆ 248 ದಿನ, ಮೇಲೆ ಅರ್ಧ ದಿನ ಬೇಕು. "ತಕ್ಕಳಪ್ಪ, ಅದೇ ಹಾರ ಕಣ್ಲಾ ಇದೂವೆ!" ಅಂದ. ಹಳೇ ವಿಂಡೋಸ್ 95 ಸುಮಾರು 49.7 ದಿನಕ್ಕೆ ನಿಂತು ಹೋಗೋದಕ್ಕೂ ಇದೇ ಜಾತಿಯ ಕಾರಣ. ಅಲ್ಲಿ ಎಣಿಸ್ತಿದ್ದದ್ದು ಮಿಲಿಸೆಕೆಂಡು, ಮಿತಿ ಇದರ ಎರಡರಷ್ಟು. ಹಾಕಿ ನೋಡಿ, ಬರುತ್ತೆ.

ಇದರಿಂದ ಕಂಪನಿಗೆ ಏನು ಲಾಭ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಅದಕ್ಕೂ ಒಂದು ಉದಾಹರಣೆ ಇದೆ. ನಮ್ಮಲ್ಲಿ ಒಂದೇ ವಾರ ಮೂರು ಹುಟ್ಟುಹಬ್ಬ ಬಂದು, ಮೂರು ಕೇಕ್ ತಿಂದು, ಕೆಳಗೆ ಬಂದು ನಿಂತಾಗ ಹಳೇ ಒಗಟೊಂದು ಬಂತು. ಒಂದು ರೂಮಿನಲ್ಲಿ ಎಷ್ಟು ಜನ ಇದ್ರೆ, ಇಬ್ಬರ ಹುಟ್ಟಿದ ದಿನ ಒಂದೇ ಆಗಿರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಆಗುತ್ತೆ? ವರ್ಷಕ್ಕೆ 365 ದಿನ ಅಲ್ವಾ ಅಂತ ಜನ 183 ಅಂತಾರೆ. ಸರಿ ಉತ್ತರ 23! ಯಾಕಂದ್ರೆ ಇಲ್ಲಿ ಎಣಿಸಬೇಕಾದದ್ದು ಜನರನ್ನಲ್ಲ, ಜೋಡಿಗಳನ್ನ. 23 ಜನರಲ್ಲಿ 253 ಜೋಡಿ ಆಗುತ್ತೆ.

ಎಲ್ಲರೂ ಹೌದಲ್ವಾ ಅಂತ ತಲೆ ಆಡಿಸ್ತಿದ್ರೆ ಶಿವಮೊಗ್ಗದ ಹುಡುಗಿ ಮಾತ್ರ ಟೀ ಲೋಟ ಹಿಡ್ಕೊಂಡು ಎಲ್ಲೋ ನೋಡ್ತಿದ್ಲು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಮ್ಮ ಬಿಲ್ಲುಗಳ ಕೀ?" ಅಂದ್ಲು. ನಮ್ಮ ಸಿಸ್ಟಮ್‌ನಲ್ಲಿ ಪ್ರತಿ ಬಿಲ್ಲಿಗೂ ಮೂವತ್ತೆರಡು ಬಿಟ್‌ನ ಒಂದು ಹ್ಯಾಶ್ ತೆಗೆದು ಅದನ್ನೇ ಗುರುತಾಗಿ ಇಟ್ಟಿದ್ರು. ನಾವ್ಯಾರೂ ಕಂಪನಿ ಸೇರೋ ಮುಂಚೆ ಬರೆದಿದ್ದ ಕೋಡ್ ಅದು. ನಾನೂರ ಮೂವತ್ತು ಕೋಟಿ ಬೇರೆ ಬೇರೆ ಬೆಲೆ ಬರಬಹುದು, ಎರಡು ಲಕ್ಷ ಬಿಲ್ಲಿಗೆ ಧಾರಾಳ ಆಯ್ತು ಅಂತ ಬರೆದವರು ಅಂದ್ಕೊಂಡಿರ್ಬೇಕು. ಹುಟ್ಟುಹಬ್ಬದ ಲೆಕ್ಕದಲ್ಲಿ ನೋಡಿದ್ರೆ ಸುಮಾರು 77 ಸಾವಿರ ಬಿಲ್ಲು ಆಗೋ ಹೊತ್ತಿಗೇ ಎರಡು ಬಿಲ್ಲಿಗೆ ಒಂದೇ ಗುರುತು ಬರೋ ಸಾಧ್ಯತೆ ಅರ್ಧ. ಎರಡು ಲಕ್ಷಕ್ಕೆ ನಾಲ್ಕೈದು ಜೋಡಿ ಇದ್ದೇ ಇರಬೇಕು. ಟೀ ಅರ್ಧಕ್ಕೇ ಬಿಟ್ಟು ಮೇಲೆ ಓಡಿದ್ವಿ. ನಾಲ್ಕು ಜೋಡಿ ಸಿಕ್ಕಿದ್ವು. ಒಬ್ಬರ ಬಿಲ್ಲು ಇನ್ನೊಬ್ಬರ ಖಾತೆಯಲ್ಲಿ ಕೂತಿತ್ತು! ಆರು ತಿಂಗಳಿಂದ ಗ್ರಾಹಕರೊಬ್ಬರು ದೂರು ಕೊಡ್ತಾನೇ ಇದ್ದಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು. ಸೇರಿ ಮೂರು ತಿಂಗಳಾಗಿದ್ದ ಹುಡುಗಿ ಹಿಡಿದದ್ದು ಅದು. ಕಾನ್ಫರೆನ್ಸ್ ರೂಮಿನಲ್ಲಿ ಹದಿನೈದು ಜನರ ಎದುರು ಅವಳು ಆ ಪ್ರಶ್ನೆ ಕೇಳ್ತಿದ್ಲಾ? ನನಗಂತೂ ಅನುಮಾನ.

ಹರಟೆಯನ್ನ ಸುಮ್ಮನೆ ಹೊಗಳ್ತಾ ಇಲ್ಲ. ಹರಟೆಗೂ ಒಂದು ಗೇಟ್ ಇರುತ್ತೆ. ಹಿಂದಿನ ಟೀಮಿನಲ್ಲಿ ನಿಜವಾದ ಮಾತೆಲ್ಲ ನಡೀತಿದ್ದದ್ದು ಸಿಗರೇಟು ಸೇದೋರ ಗುಂಪಿನಲ್ಲಿ. ಸೇದದೇ ಇರೋರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಲ್ಲಿ ಏನು ತೀರ್ಮಾನ ಆಯ್ತು ಅಂತ ಗೊತ್ತಾಗೋದು ಎರಡು ದಿನ ಬಿಟ್ಟು. 2020ರ ಲಾಕ್‌ಡೌನ್ ಆದಮೇಲೆ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಮಾಡೋರು ನಮ್ಮಲ್ಲಿ ಅರ್ಧ ಜನ, ಅವರಿಗೆ ಈ ಟೀನೂ ಇಲ್ಲ, ಮಾತೂ ಇಲ್ಲ. ಇನ್ನೊಂದು ಹೊಸ ಕಾಟ ಅಂದ್ರೆ ಫೋನು. ಒಗಟು ಹೇಳಿ ಮುಗಿಯೋದ್ರಲ್ಲಿ ಯಾರೋ ಒಬ್ಬ ಚಾಟ್‌ಜಿಪಿಟಿಗೆ ಕೇಳಿ ಉತ್ತರ ಓದಿಬಿಡ್ತಾನೆ. ಟೀ ಇನ್ನೂ ಬಿಸಿ ಇರುತ್ತೆ, ಮಾತು ಮಾತ್ರ ಆರಿ ಹೋಗಿರುತ್ತೆ. ಸಿನಿಮಾ ಟಿಕೆಟ್ ತಗೊಂಡು ಕೊನೇ ಸೀನ್ ನೋಡಿ ಎದ್ದು ಬಂದ ಹಾಗೆ. ಅದಕ್ಕೇ ನಮ್ಮಲ್ಲಿ ಒಂದು ನಿಯಮ ಮಾಡಿದ್ದೀವಿ, ಫೋನು ತೆಗೆದವನೇ ಎಲ್ಲರ ಟೀ ದುಡ್ಡು ಕೊಡಬೇಕು.

ಸರಿ, ಈಗ ಆ ಇಂಟರ್‌ವ್ಯೂ ಕಥೆ.

ಪ್ಯಾನಲ್‌ನಲ್ಲಿ ಮೂರು ಜನ. ನಾನೇ ಎಲ್ಲರಿಗಿಂತ ಕಿರಿಯ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜೊಂದರ ಹುಡುಗ ಬಂದ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಇಸ್ತ್ರಿ ಮಾಡಿದ ಶರ್ಟು, ಮುಖದಲ್ಲಿ ಬೆವರು. ಪ್ರಾಜೆಕ್ಟ್ ಏನು ಅಂತ ಕೇಳಿದೆ. ಅವರ ಊರಿನ ಹಾಲಿನ ಡೇರಿಗೆ ಲೆಕ್ಕದ ಆ್ಯಪ್ ಮಾಡಿದ್ದ. ಬೆಳಿಗ್ಗೆ ಸಂಜೆ ಹಾಲು ಹಾಕಿದಾಗ ಫ್ಯಾಟು, ಎಸ್‌ಎನ್‌ಎಫ್ ನೋಡಿ ರೇಟು ಕಟ್ಟಿ ಚೀಟಿ ಕೊಡಬೇಕು, ಹದಿನೈದು ದಿನಕ್ಕೊಮ್ಮೆ ಬಿಲ್ಲು. ಕಷ್ಟ ಏನು ಬಂತು ಅಂದೆ. ಅವನು ಹೇಳಿದ್ದನ್ನ ಹಾಗೇ ಬರೀತೀನಿ:

"ಬಿಲ್ಲು ಕಂಪ್ಯೂಟರ್ ಪ್ರಕಾರ ಸರಿ ಇತ್ತು ಸರ್. ಆದ್ರೆ ನಮ್ಮಮ್ಮ ಮೂವತ್ತು ಚೀಟೀನೂ ಇಟ್ಕೊಂಡು ಕೂಡಿಸಿ ನೋಡ್ತಾರೆ. ಏಳೆಂಟು ಪೈಸೆ ವ್ಯತ್ಯಾಸ ಬರ್ತಿತ್ತು. ಒಂದೊಂದು ಚೀಟೀಲೂ ಪೈಸೆ ರೌಂಡ್ ಆಗಿರುತ್ತೆ, ಬಿಲ್ಲು ರೌಂಡ್ ಮಾಡ್ದೇ ಇರೋದನ್ನ ಕೂಡಿಸ್ತಿತ್ತು. ಜನರ ಕೈಯಲ್ಲಿರೋದು ಚೀಟಿ ಸರ್. ಅದಕ್ಕೇ ಚೀಟೀನೇ ಸರಿ ಅಂತ ಇಟ್ಕೊಂಡು, ಎಲ್ಲಾ ಪೈಸೆಯಲ್ಲೇ ಪೂರ್ಣಾಂಕ ಮಾಡಿ, ಬಿಲ್ಲು ಅದರ ಮೊತ್ತ ಅಂತ ಮಾಡಿದೆ."

ನನಗೆ ಎದ್ದು ಕೈಕುಲುಕೋಣ ಅನ್ನಿಸ್ತು. ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿದ್ರೆ 0.30000000000000004 ಬರುತ್ತೆ ಅನ್ನೋದನ್ನ ನೋಡಿ ನಗೋರು ಬೇಕಾದಷ್ಟು ಜನ ಇದ್ದಾರೆ. ದುಡ್ಡನ್ನ ದಶಾಂಶದಲ್ಲಿ ಇಡಬಾರದು ಅಂತ ಪುಸ್ತಕದಲ್ಲಿ ಓದಿ ಹೇಳೋರೂ ಇದ್ದಾರೆ. ಎರಡು ಲೆಕ್ಕ ತಾಳೆ ಆಗದಿದ್ದಾಗ ಯಾರ ಲೆಕ್ಕವನ್ನ ಸರಿ ಅಂತ ಇಟ್ಕೋಬೇಕು, ಯಾಕೆ ಅಂತ ಯೋಚನೆ ಮಾಡೋ ಇಪ್ಪತ್ತೆರಡರ ಹುಡುಗ ಎಷ್ಟು ಜನ ಸಿಗ್ತಾರೆ ಸ್ವಾಮಿ?

ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರು ಕುದುರೆ ಬಿಟ್ರು. 25 ಕುದುರೆ ಇವೆ. ಒಂದು ಸಲಕ್ಕೆ ಐದೇ ಓಡಬಹುದು. ಅತಿ ವೇಗದ ಮೂರು ಕುದುರೆ ಹುಡುಕೋಕೆ ಕಡಿಮೆ ಅಂದ್ರೆ ಎಷ್ಟು ಓಟ ಬೇಕು?

ಹುಡುಗ ಮೊದಲು ಕೇಳಿದ್ದು, "ಸ್ಟಾಪ್‌ವಾಚ್ ಇದೆಯಾ ಸರ್?" ಹಿರಿಯರು ನಕ್ಕು, ಇಲ್ಲಪ್ಪಾ ಅಂದ್ರು. ಐದು ಓಟ ಮಾಡಿಸಿದ, ಗೆದ್ದ ಐದನ್ನ ಆರನೇ ಸಲ ಓಡಿಸಿದ, ಮೊದಲನೇದು ಗೊತ್ತಾಯ್ತು ಅಂದ. ಎರಡನೇದು ಮೂರನೇದು ಎಲ್ಲಿ ಅಡಗಿರಬಹುದು ಅಂತ ಗೀಚ್ತಾ ಗೀಚ್ತಾ ಇದ್ದ ಹಾಗೇ ಟೈಮ್ ಮುಗೀತು. ಉತ್ತರ ಏಳು. ಆರನೇ ಓಟ ಆದಮೇಲೆ ಕಣದಲ್ಲಿ ಉಳಿಯೋದು ಐದೇ: ಮೊದಲು ಬಂದ ಕುದುರೆಯ ಗುಂಪಿನ ಎರಡನೇದು ಮತ್ತು ಮೂರನೇದು, ಆರನೇ ಓಟದಲ್ಲಿ ಎರಡನೇ ಸ್ಥಾನ ಪಡೆದದ್ದು, ಅದರ ಗುಂಪಿನ ಎರಡನೇದು, ಮತ್ತೆ ಆರನೇ ಓಟದ ಮೂರನೇದು. ಇವನ್ನ ಓಡಿಸಿದ್ರೆ ಆಯ್ತು.

ಮುಂದಿನ ಹುಡುಗ ನಲವತ್ತು ಸೆಕೆಂಡಿನಲ್ಲಿ ಏಳು ಅಂದ. ಮಧ್ಯ ಮಧ್ಯ ಹಣೆ ಮುಟ್ಕೊಂಡು, "ಲೆಟ್ ಮೀ ಥಿಂಕ್" ಅಂತ ಒಂದೆರಡು ಸಲ ನಿಲ್ಲಿಸಿದ. ನಟನೆ ಚೆನ್ನಾಗಿತ್ತು! ನಾನು ಕೇಳಿದೆ, ಕೈಯಲ್ಲಿ ಸ್ಟಾಪ್‌ವಾಚ್ ಇದ್ರೆ ಎಷ್ಟು ಓಟ ಬೇಕು? ಗಲಿಬಿಲಿಯಾದ. ಆಮೇಲೆ, "ಆಗಲೂ ಏಳೇ ಸರ್" ಅಂದ. ಗಡಿಯಾರ ಇದ್ರೆ ಐದು ಓಟ ಸಾಕು, ಎಲ್ಲದರ ಸಮಯ ಬರ್ಕೊಂಡು ನೋಡಿದ್ರೆ ಮುಗೀತು. ಆ ಹುಡುಗನ ತಪ್ಪು ಅಂತ ನಾನು ಹೇಳಲ್ಲ. ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದನ್ನ ಕಲಿತು ಬಂದಿದ್ದಾನೆ, ಬಾಗಿಲಲ್ಲಿ ಕೇಳೋ ಪಾಸ್‌ವರ್ಡ್ ಅದು ಅಂತ ಅವನಿಗೆ ಗೊತ್ತಿತ್ತು. ಆದ್ರೆ ಅವನನ್ನ ತಗೊಂಡು, ಡೇರಿ ಹುಡುಗನ ಹೆಸರಿನ ಮುಂದೆ "ಅನಲಿಟಿಕಲ್ ಸ್ಕಿಲ್ ಸಾಲದು" ಅಂತ ಬರೆದದ್ದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ನಾನು ಬೇಡ ಅಂತ ವಾದ ಮಾಡಿದೆ, ಎರಡಕ್ಕೆ ಒಂದು ಮತದಲ್ಲಿ ಸೋತೆ.

"ನಮಗೆ ಉತ್ತರ ಮುಖ್ಯ ಅಲ್ಲಪ್ಪಾ, ಹೇಗೆ ಯೋಚಿಸ್ತಾರೆ ಅನ್ನೋದು ಮುಖ್ಯ" ಅಂತ ಹಿರಿಯರು ಹೇಳಿದ್ರು. ಈ ಮಾತನ್ನ ಎಲ್ಲರೂ ಹೇಳ್ತಾರೆ, ಕೇಳೋಕೂ ಚೆನ್ನಾಗಿರುತ್ತೆ. ಹಾಗಿದ್ರೆ ಸ್ಟಾಪ್‌ವಾಚ್ ಇದೆಯಾ ಅಂತ ಕೇಳಿದ ಹುಡುಗನಿಗೆ ಮಾರ್ಕ್ಸ್ ಬರಬೇಕಿತ್ತಲ್ಲ? ಕೈಯಲ್ಲಿ ಏನೇನು ಇದೆ ಅಂತ ಮೊದಲು ಕೇಳೋದೇ ಇಂಜಿನಿಯರಿಂಗು. ಮೊದಲೇ ಉತ್ತರ ಗೊತ್ತಿದ್ದವನು ಯೋಚಿಸ್ತಾ ಇರಲ್ಲ, ಯೋಚಿಸೋ ಹಾಗೆ ತೋರಿಸ್ತಾ ಇರ್ತಾನೆ. ಗೊತ್ತಿಲ್ಲದವನು ಮೂರು ಜನ ದಿಟ್ಟಿಸಿ ನೋಡ್ತಿರುವಾಗ ಯೋಚಿಸ್ತಾನಾ, ಹೆದರ್ತಾನಾ?

ಹೆದರಿಕೆ ಬಿಡಿ, ಆರಾಮಾಗಿ ಮನೇಲಿ ಕೂತವರ ಗತಿ ನೋಡಿ. 1990ರಲ್ಲಿ ಮರಿಲಿನ್ ವಾಸ್ ಸಾವಂತ್ ಅನ್ನೋರು ಅಮೆರಿಕದ ಪರೇಡ್ ಪತ್ರಿಕೆಯ ಅಂಕಣದಲ್ಲಿ ಮೂರು ಬಾಗಿಲಿನ ಒಗಟಿಗೆ ಉತ್ತರ ಬರೆದ್ರು. ಒಂದು ಬಾಗಿಲ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದು ಆರಿಸ್ತೀರಿ. ಎಲ್ಲಿ ಏನಿದೆ ಅಂತ ಗೊತ್ತಿರೋ ನಿರೂಪಕ ಉಳಿದೆರಡರಲ್ಲಿ ಮೇಕೆ ಇರೋ ಒಂದನ್ನ ತೆಗೆದು ತೋರಿಸಿ, ಬದಲಾಯಿಸ್ತೀರಾ ಅಂತಾನೆ. ಬದಲಾಯಿಸಿ, ಗೆಲ್ಲೋ ಸಾಧ್ಯತೆ ಮೂರರಲ್ಲಿ ಎರಡು ಅಂತ ಅವರು ಬರೆದ್ರು. ಅದು ಸರಿ. ಆದ್ರೂ ಸುಮಾರು ಹತ್ತು ಸಾವಿರ ಪತ್ರ ಬಂದ್ವು, ಬರೆದವರಲ್ಲಿ ಸಾವಿರದ ಹತ್ತಿರ ಜನ ಪಿಎಚ್‌ಡಿ ಮಾಡಿದವರು, ಬಹುಪಾಲು ಜನ ನೀವು ಹೇಳಿದ್ದು ತಪ್ಪು ಅಂತ ಬರೆದಿದ್ರು! ಪಾಲ್ ಏರ್ಡಿಶ್‌ರಂಥ ಗಣಿತಜ್ಞರೇ ಕಂಪ್ಯೂಟರ್‌ನಲ್ಲಿ ಆಡಿಸಿ ತೋರಿಸೋ ತನಕ ಒಪ್ಪಿರಲಿಲ್ಲವಂತೆ. ಅವರಿಗೆ ಬೇಕಾದಷ್ಟು ಟೈಮ್ ಇತ್ತು, ಹೋಗೋ ಕೆಲಸವೂ ಇರಲಿಲ್ಲ. ನಮ್ಮ ಹುಡುಗರಿಗೆ ಹತ್ತು ನಿಮಿಷ, ಅದರ ಮೇಲೆ ಮನೆಯವರ ಸಾಲ.

ಒಂದು ಕಾಲದಲ್ಲಿ ಮೈಕ್ರೋಸಾಫ್ಟ್ ಇಂಟರ್‌ವ್ಯೂ ಒಗಟುಗಳ ಮೇಲೆ ಪುಸ್ತಕವೇ ಬಂದಿತ್ತು, 2003ರಲ್ಲಿ. ಹತ್ತು ವರ್ಷ ಕಳೆದು, 2013ರಲ್ಲಿ, ಗೂಗಲ್‌ನ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ದೇನಂದ್ರೆ, ಈ ಒಗಟುಗಳಿಂದ ಸಮಯ ಹಾಳು, ಕೇಳೋರಿಗೆ ತಾವು ಬುದ್ಧಿವಂತರು ಅಂತ ಅನ್ನಿಸೋದು ಬಿಟ್ರೆ ಇನ್ನೇನೂ ಉಪಯೋಗ ಇಲ್ಲ ಅಂತ. ಅಲ್ಲಿ ಬಿಟ್ಟಿದ್ದನ್ನ ನಮ್ಮಲ್ಲಿ ಇನ್ನೂ ಪೂಜೆ ಮಾಡ್ತಿದ್ದಾರೆ. ನಾನು ಓದುವಾಗ ಹಾಸ್ಟೆಲ್ ಸೀನಿಯರ್ ಒಬ್ಬರು ಶಕುಂತಲಾ ದೇವಿಯವರ ಪಜಲ್ ಪುಸ್ತಕದ ಜೆರಾಕ್ಸ್ ಕೊಟ್ಟು, ಇದು ಬಾಯಿಪಾಠ ಆದ್ರೆ ಕ್ಯಾಂಪಸ್‌ನಲ್ಲಿ ಗೆದ್ದೆ ಅಂತ ತಿಳ್ಕೋ ಅಂದಿದ್ರು. 1976ರ ಪುಸ್ತಕ ಅದು. ಬೆಂಗಳೂರಿನ ಆಯಮ್ಮ ಜನ ಖುಷಿಯಾಗಿ ತಲೆ ಕೆರ್ಕೊಳ್ಳಲಿ ಅಂತ ಬರೆದದ್ದನ್ನ ನಾವು ಮಗ್ಗಿ ಮಾಡ್ಕೊಂಡ್ವಿ.

ಅಂತೂ ಮುಂದಿನ ಕ್ಯಾಂಪಸ್ ಸೀಸನ್ನಿಗೆ ಪ್ರಶ್ನೆಗಳ ಪಟ್ಟಿ ಮಾಡಿಕೊಡಿ ಅಂತ ಎಚ್‌ಆರ್‌ನವರು ಕೇಳಿದ್ರು. ಕುದುರೆ, ಬಾಗಿಲು, ಮೊಟ್ಟೆ, ನಾಣ್ಯ ಎಲ್ಲಾ ತೆಗೆದು ಎರಡೇ ಪ್ರಶ್ನೆ ಹಾಕಿದ್ದೀನಿ. ಒಂದು, ನಲವತ್ತು ಸಾಲಿನ ಒಂದು ಪ್ರೋಗ್ರಾಮು ಮತ್ತು ಅದು ತಪ್ಪಾಗಿ ಕೊಟ್ಟ ಒಂದು ಬಿಲ್ಲು. ಎಐ ಬೇಕಾದ್ರೂ ಬಳಸಲಿ, ಪುಸ್ತಕ ಬೇಕಾದ್ರೂ ತೆಗೀಲಿ, ಮೊದಲು ಎಲ್ಲಿ ಹುಡುಕ್ತೀರಿ, ಯಾಕೆ ಅಲ್ಲೇ ಅಂತ ನಮ್ಮ ಜೊತೆ ಕೂತು ಹೇಳಬೇಕು. ಇನ್ನೊಂದು, ನೀವು ಮಾಡಿದ ಯಾವುದಾದ್ರೂ ಕೆಲಸದಲ್ಲಿ ತಾಳೆ ಆಗದ ಒಂದು ಲೆಕ್ಕದ ಬಗ್ಗೆ ಹೇಳಿ.

ಇಬ್ಬರು ಹಿರಿಯರು ಆಕ್ಷೇಪಣೆ ಕಳಿಸಿದ್ದಾರೆ, ಇಷ್ಟು ಸುಲಭ ಆದ್ರೆ ಹೇಗೆ, ಜರಡಿ ಹಿಡಿಯೋದು ಬೇಡ್ವಾ ಅಂತ. ಗುರುವಾರ ಮಧ್ಯಾಹ್ನ ಮೂರಕ್ಕೆ ಅದರ ಮೀಟಿಂಗು. ನಿಮ್ಮ ಕಡೆ ಇಂಟರ್‌ವ್ಯೂನಲ್ಲಿ ಇದಕ್ಕಿಂತ ಒಳ್ಳೇ ಪ್ರಶ್ನೆ ಕೇಳ್ತಾರೆ ಅಂದ್ರೆ ಅಷ್ಟರೊಳಗೆ ತಿಳಿಸಿ, ತಗೊಂಡು ಹೋಗ್ತೀನಿ.